ಉಗಿ ದೋಣಿ: ಓದುಗರು ಕೇಳಿದ್ದು, ನಾನು ಹೇಳಿದ್ದು

ಹೋದ ಸಂಚಿಕೆಲಿ ನಾನು ಕಟ್ಟಿದ ಒಂದು ಮೀಟರ್ ಉದ್ದದ ಸ್ಟೀಮ್ ಬೋಟ್ ಫೋಟೋ ಹಾಕಿದ್ವಲ್ಲ, ಮೋಟಾರ್ ಇಲ್ಲ, ಒಳಗೆ ನಿಜವಾದ ಬಾಯ್ಲರ್, ನಿಜವಾದ ಹಬೆ, ಅದರಿಂದ್ಲೇ ಪಂಖ ತಿರುಗಿ ನೀರಲ್ಲಿ ಹೋಗೋದು, ಅದನ್ನ ನೋಡಿ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಇಷ್ಟು ಪತ್ರ ಬರ್ತಾವೆ ಅಂತ ಅಂದ್ಕೊಂಡಿರಲಿಲ್ಲ. ಜಾಸ್ತಿ ಜನ ಕೇಳಿದ್ದನ್ನ ಮೊದಲು ತಗೊಂಡಿದೀನಿ. ಬಾಯ್ಲರ್ ಬಗ್ಗೆ ಉತ್ತರ ಉದ್ದ ಆಗೈತೆ, ಬೇಕಂತ್ಲೇ ಮಾಡಿದ್ದು, ಅದನ್ನ ಹಾರಿಸಿ ಮುಂದಕ್ಕೆ ಹೋಗ್ಬೇಡ್ರಿ.

ಪ್ರಶ್ನೆ: ಸರ್, ಮನೇಲಿ ಹಳೇ 3 ಲೀಟರ್ ಕುಕ್ಕರ್ ಐತೆ. ವೆಯ್ಟ್ ಕೂರೋ ಜಾಗದಿಂದ ಪೈಪ್ ಎಳೆದು ಎಂಜಿನ್‌ಗೆ ಕೊಟ್ರೆ ಬಾಯ್ಲರ್ ಖರ್ಚು ಉಳಿಯುತ್ತಲ್ವಾ? (ಓದುಗರು, ವಿನೋಬನಗರ, ದಾವಣಗೆರೆ)

ಬೇಡ್ರಿ, ಇದನ್ನ ಮಾತ್ರ ಮಾಡ್ಬೇಡ್ರಿ. ಕುಕ್ಕರ್‌ಗೆ ಆ ವೆಯ್ಟ್ ಕೂರೋ ತೂತೇ ಕಾವಲು, ಪ್ರೆಶರ್ ಜಾಸ್ತಿ ಆದಾಗ ಹಬೆ ಅಲ್ಲಿಂದ್ಲೇ ಹೊರಗೆ ಹೋಗೋದು, ಅಲ್ಲಿಗೆ ಪೈಪ್ ಸಿಗಿಸಿ ಆಕಡೆ ಎಂಜಿನ್ನಿಗೆ ಹಬೆ ಬಿಡೋ ವಾಲ್ವ್ ಮುಚ್ಚಿದ್ರೆ ಕಾವಲುಗಾರನ್ನೇ ಕಟ್ಟಿಹಾಕಿದಂಗೆ. ಇನ್ನೊಂದು, ಕುಕ್ಕರ್ ವಿಷಲ್ ಹೊಡೆಯೋದು ಸುಮಾರು 1 ಬಾರ್ ಪ್ರೆಶರ್‌ಗೆ, ಅಂದ್ರೆ ಟೈರ್ ಗಾಳಿ ಲೆಕ್ಕದಲ್ಲಿ 15 ಪಿಎಸ್‌ಐ, ಒಳಗಿನ ಬಿಸಿ 120 ಡಿಗ್ರಿ ಹತ್ರ. ಬೋಟ್ ಎಂಜಿನ್ ಗಟ್ಟಿಯಾಗಿ ಓಡ್ಬೇಕಂದ್ರೆ ನಾವು 3 ಬಾರ್‌ನಲ್ಲಿ ಕೆಲಸ ಮಾಡ್ತೀವಿ, ಆಗ ಒಳಗೆ 144 ಡಿಗ್ರಿ. ಕುಕ್ಕರ್ ಆ ಲೆಕ್ಕಕ್ಕೆ ಮಾಡಿದ್ದಲ್ಲ. ಹಳೇ ಗ್ಯಾಸ್ ಸಿಲಿಂಡರ್, ಬೆಂಕಿ ಆರಿಸೋ ಸಿಲಿಂಡರ್ ಆಗುತ್ತಾ ಅಂತ ಕೇಳಿದೋರಿಗೂ ಇದೇ ಉತ್ತರ.

ಹೆದರಬೇಕಾದ್ದು ಹಬೆಗಿಂತ ಒಳಗಿರೋ ಬಿಸಿನೀರಿಗೆ. 144 ಡಿಗ್ರಿಲಿ ಇರೋ ನೀರು ಪ್ರೆಶರ್ ಇರೋವರೆಗೂ ನೀರಾಗೇ ಇರ್ತೈತೆ, ಡಬ್ಬಿ ಸೀಳಿದ ಆ ಕ್ಷಣಕ್ಕೆ ಅದರಲ್ಲಿ ಒಂದಿಷ್ಟು ಒಂದೇ ಸಲ ಹಬೆ ಆಗ್ತೈತೆ, ಒಂದು ಲೀಟರ್ ನೀರು ಪೂರ್ತಿ ಹಬೆ ಆದ್ರೆ 1,600 ಲೀಟರಿಗಿಂತ ಜಾಸ್ತಿ ಜಾಗ ಬೇಕು, ಆ ಜಾಗನ ಅದು ಎದುರಿಗೆ ಇದ್ದಿದ್ದನ್ನ ತಳ್ಳಿ ಮಾಡ್ಕೊಳ್ತೈತೆ. ಅದಕ್ಕೇ ಬಾಯ್ಲರ್‌ಗೆ ಮೊದಲ ಸಲ ಬೆಂಕಿ ಹಚ್ಚೋಕೆ ಮುಂಚೆ ತಣ್ಣೀರಲ್ಲಿ ಟೆಸ್ಟ್ ಮಾಡ್ಬೇಕು. ನಮ್ಮ ದೇಶದ ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಕಮ್ಮಿ ಹಿಡಿಯೋದನ್ನ ಲೆಕ್ಕಕ್ಕೆ ತಗೊಳಲ್ಲ, ಅಕ್ಕಿ ಗಿರಣಿ ಬಾಯ್ಲರ್ ಆದ್ರೆ ಇನ್‌ಸ್ಪೆಕ್ಟರ್ ಬಂದು ನೋಡ್ತಾರೆ, ನಮ್ಮ ಅರ್ಧ ಲೀಟರಿಂದಕ್ಕೆ ಯಾರೂ ಬರಲ್ಲ, ಅಂದ್ಮೇಲೆ ಇನ್‌ಸ್ಪೆಕ್ಟರ್ ಕೆಲಸಾನೂ ನಾವೇ ಮಾಡ್ಬೇಕು, ಮಾಡಿ ತಾರೀಖು ಹಾಕಿ ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ಬೇಕು.

ಟೆಸ್ಟ್ ಏನು ಅಂದ್ರೆ, ಬಾಯ್ಲರ್ ತುಂಬ ಗಾಳಿ ಒಂದು ಗುಳ್ಳೆನೂ ಉಳಿಯದಂಗೆ ತಣ್ಣೀರು ತುಂಬಿ, ಎಲ್ಲಾ ತೂತಿಗೂ ಪ್ಲಗ್ ಹಾಕಿ, ಒಂದು ತೂತಿಗೆ ಕೈಪಂಪ್, ಇನ್ನೊಂದಕ್ಕೆ ನಂಬಿಕೆ ಇರೋ ಪ್ರೆಶರ್ ಗೇಜ್ ಹಾಕಿ ನಿಧಾನಕ್ಕೆ ಪಂಪ್ ಮಾಡೋದು, ಓಡಿಸೋ ಪ್ರೆಶರ್‌ನ ಎರಡರಷ್ಟು, ಅಂದ್ರೆ 3 ಬಾರ್‌ಗೆ ಓಡಿಸೋದಾದ್ರೆ 6 ಬಾರ್ ಬರೋವರೆಗೂ. ಅಲ್ಲಿ ಅರ್ಧ ಗಂಟೆ ಮುಳ್ಳು ಅಲ್ಲಾಡದೆ ನಿಂತ್ರೆ, ತಗಡು ಎಲ್ಲೂ ಉಬ್ಬಿಲ್ಲ ಅಂದ್ರೆ ಪಾಸು. ಆಮೇಲೆ ವರ್ಷ ವರ್ಷ ಒಂದೂವರೆಯಷ್ಟಕ್ಕೆ ಮಾಡಿದ್ರೆ ಸಾಕು. ನೀರು ಒತ್ತಿದ್ರೆ ಕುಗ್ಗಲ್ಲ, ಅದಕ್ಕೆ ಎಲ್ಲಾದ್ರೂ ಬಿಟ್ಕೊಂಡ್ರೆ ಒಂದು ಹನಿ ಆಚೆ ಬಂದು ಪ್ರೆಶರ್ ಅಲ್ಲೇ ಬಿದ್ದೋಗ್ತೈತೆ, ಯಾರಿಗೂ ಏನೂ ಆಗಲ್ಲ. ಪಂಕ್ಚರ್ ಅಂಗಡಿ ಕಂಪ್ರೆಸರ್ ತಂದು ಗಾಳಿಲಿ ಟೆಸ್ಟ್ ಮಾಡ್ತೀನಿ ಅಂತ ಇಬ್ಬರು ಬರ್ದಿದೀರಿ, ಅದು ಸುತರಾಂ ಬೇಡ, ಗಾಳಿ ಸ್ಪ್ರಿಂಗ್ ಇದ್ದಂಗೆ, ಒಡೆದ್ರೆ ಚೂರು ಹಾರ್ತಾವೆ.

ನನ್ನ ಎರಡನೇ ಬಾಯ್ಲರ್ ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ ಟೆಸ್ಟ್ ಯಾಕೆ ಅನ್ನಿಸಿತ್ತು. 5 ಬಾರ್ ಹತ್ರ ಬರ್ತಿದ್ದಂಗೆ ಸೇಫ್ಟಿ ವಾಲ್ವ್ ತಿರುಗಿಸಿ ಕೂರಿಸೋ ದಪ್ಪ ಬಳೆ, ಅಂದ್ರೆ ಬುಷ್, ಅದರ ಕೆಳಗಡೆ ಬೆವರು ಒಡೆದಂಗೆ ನೀರು ಬಂತು, ಒರೆಸಿದೆ, ಮತ್ತೆ ಬಂತು. ಬಿಚ್ಚಿ ನೋಡಿದ್ರೆ ಬೆಸುಗೆ ಸುತ್ತ ಪೂರ್ತಿ ಹರಡದೆ ಅರ್ಧಕ್ಕೇ ನಿಂತಿತ್ತು. ಅವತ್ತು ಮಗಳು ಪಕ್ಕದಲ್ಲೇ ಕೂತು ಗೇಜ್ ನೋಡಿ ನಂಬರ್ ಹೇಳ್ತಿದ್ಲು. ತಣ್ಣೀರು ಆಗಿದ್ದಕ್ಕೆ ಟೇಬಲ್ ಒದ್ದೆ ಆಯ್ತು, ಅಷ್ಟೇ.

ಇನ್ನು ಸೇಫ್ಟಿ ವಾಲ್ವ್, ಪ್ರೆಶರ್ ಜಾಸ್ತಿ ಆದ್ರೆ ತಾನೇ ತೆರೆದು ಹಬೆ ಬಿಡೋದು. ಅದಕ್ಕೂ ಒಂದು ಟೆಸ್ಟ್ ಐತೆ. ಬೆಂಕಿ ಪೂರ್ತಿ ಇಟ್ಟು, ಎಂಜಿನ್ನಿಗೆ ಹೋಗೋ ದಾರಿ ಮುಚ್ಚಿ, ಬರೋ ಹಬೆ ಎಲ್ಲಾ ಆ ವಾಲ್ವ್ ಒಂದರಿಂದ್ಲೇ ಹೊರಗೆ ಹೋಗ್ಬೇಕು, ಗೇಜ್ ಮುಳ್ಳು ಓಡಿಸೋ ಪ್ರೆಶರ್ ಮೇಲೆ ನೂರಕ್ಕೆ ಹತ್ತರಷ್ಟಕ್ಕಿಂತ ಮೇಲೆ ಏರಬಾರದು. ಏರಿದ್ರೆ ವಾಲ್ವ್ ಸಣ್ಣದಾಯ್ತು ಅಂತ, ದೊಡ್ಡದು ಹಾಕ್ರಿ.

ಪ್ರಶ್ನೆ: ಅಣ್ಣಾ, ನಾನು ಐಟಿಐ ಫಿಟ್ಟರ್ ಓದ್ತಿದೀನಿ. ಕಲಾಯಿ ಹಾಕೋರ ಹತ್ರ ಸೀಸದ ಬೆಸುಗೆ ಹಾಕಿಸಿದ್ರೆ ಸಾಲದಾ? ತಾಮ್ರ ಎಷ್ಟು ದಪ್ಪ ಇರ್ಬೇಕು? (ವಿದ್ಯಾರ್ಥಿ, ಹರಿಹರ)

ಸಾಲಲ್ಲ ತಮ್ಮಾ. ತವರ ಕರಗೋದು 232 ಡಿಗ್ರಿಗೆ, ಸೀಸ ತವರ ಸೇರಿದ ಬೆಸುಗೆ 183ಕ್ಕೇ ಮೆತ್ತಗಾಗೋಕೆ ಶುರು. ನೀರಿದ್ದಾಗ ತಾಮ್ರ 144ರಲ್ಲೇ ಇರ್ತೈತೆ ನಿಜ, ಆದ್ರೆ ಕೆರೆ ಮಧ್ಯದಲ್ಲಿ ನೀರು ಮುಗಿದು ಬೆಂಕಿ ಇನ್ನೂ ಉರಿತಾ ಇದ್ರೆ? ಒಲೆ ಮೇಲೆ ಖಾಲಿ ಪಾತ್ರೆ ಮರೆತರೆ ಕಲಾಯಿ ಹೆಂಗೆ ಕರಗಿ ಹರಿತೈತೆ ನೋಡಿರ್ತೀಯ, ಹಂಗೇ. ಬಾಯ್ಲರ್‌ಗೆ ಬೆಳ್ಳಿ ಬೆಸುಗೆನೇ ಆಗ್ಬೇಕು, ಸಿಲ್ವರ್ ಬ್ರೇಜಿಂಗ್, ಅದು ಕರಗೋಕೆ 600 ಡಿಗ್ರಿ ದಾಟಬೇಕು. ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ ಕಡ್ಡಿ ಅಂತ ಕೇಳಿ ತಗೋ, ಕ್ಯಾಡ್ಮಿಯಂ ಹೊಗೆ ವಿಷ. ಚಿನಿವಾರರ ಸಣ್ಣ ಊದುಗೊಳವೆ ಇದಕ್ಕೆ ಆಗಲ್ಲ, ತಾಮ್ರ ಬಿಸಿನೆಲ್ಲಾ ಎಳ್ಕೊಂಡು ಹರಡಿಬಿಡ್ತೈತೆ, ದೊಡ್ಡ ಗ್ಯಾಸ್ ಬರ್ನರ್ ಬೇಕು, ಸುತ್ತ ಬೆಂಕಿ ಇಟ್ಟಿಗೆ ಜೋಡಿಸಿ ಗೂಡು ಮಾಡಿ, ಇನ್ನೊಬ್ಬರು ಎರಡನೇ ಬರ್ನರ್ ಹಿಡಿದ್ರೆ ಇನ್ನೂ ಚೆನ್ನ. ಇಡೀ ಜಾಯಿಂಟ್ ಮಂದ ಕೆಂಪು ಬಂದಮೇಲೆ ಕಡ್ಡಿ ಮುಟ್ಟಿಸು, ಬಿಸಿ ಎಲ್ಲಿ ಐತೋ ಬೆಸುಗೆ ಅಲ್ಲಿಗೆ ತಾನೇ ಹರಿತೈತೆ. ಆರಿದ ಮೇಲೆ ಸಿಟ್ರಿಕ್ ಆಸಿಡ್ ನೀರಲ್ಲಿ ನೆನೆಹಾಕು, ಅಜ್ಜಿ ತಾಮ್ರದ ಚೊಂಬಿಗೆ ಹುಣಸೆಹಣ್ಣು ಉಜ್ಜಿದ್ರೆ ಹೆಂಗೆ ಕೆಂಪಗೆ ಬರ್ತಿತ್ತು ಹಂಗೆ ಬರ್ತೈತೆ, ಎಲ್ಲಿ ಬೆಸುಗೆ ಹರಿದಿಲ್ಲ ಅಂತ ಆಗ ಕಣ್ಣಿಗೇ ಕಾಣ್ತೈತೆ.

ದಪ್ಪದ ಲೆಕ್ಕ ನೀನೇ ಹಾಕ್ಬೋದು: ಪ್ರೆಶರ್‌ನ ವ್ಯಾಸದಿಂದ ಗುಣಿಸಿ ದಪ್ಪದ ಎರಡರಷ್ಟರಿಂದ ಭಾಗಿಸು, ತಗಡಿನ ಮೇಲೆ ಎಷ್ಟು ಎಳೆತ ಬೀಳ್ತೈತೆ ಅಂತ ಸಿಗ್ತೈತೆ. 75 ಮಿ.ಮೀ ಪೈಪ್, 1.6 ಮಿ.ಮೀ ದಪ್ಪ, ಪ್ರೆಶರ್ ಸ್ವಲ್ಪ ಜಾಸ್ತಿನೇ ಹಿಡಿದು 4 ಬಾರ್ ಅಂದ್ರೆ ಚದರ ಮಿ.ಮೀಗೆ 0.4 ನ್ಯೂಟನ್, 0.4 ಇಂಟು 75 ಅಂದ್ರೆ 30, ಅದನ್ನ 3.2ರಿಂದ ಭಾಗಿಸಿದ್ರೆ 9.4. ಕಾಯಿಸಿ ಮೆತ್ತಗಾದ ತಾಮ್ರ ಕಿತ್ತು ಹರಿಯೋದು ಇದೇ ಲೆಕ್ಕದಲ್ಲಿ 200 ನ್ಯೂಟನ್ ದಾಟಿದ ಮೇಲೆ. ಇಷ್ಟೊಂದು ಮಿಗತೆ ಐತಲ್ಲ ಅಂತ 0.8 ಮಿ.ಮೀ ದಪ್ಪಕ್ಕೆ ಇಳೀಬೇಡ, ತೂತು ಕೊರೆದಲ್ಲಿ, ಜಾಯಿಂಟ್‌ನಲ್ಲಿ, ಬಿಸಿ ಆದಾಗ, ಎಲ್ಲಾ ಕಡೆ ಬಲ ಕಮ್ಮಿ ಆಗ್ತಾ ಹೋಗ್ತೈತೆ. ಎರಡು ತುದಿ ಮುಚ್ಚಳ ಚಪ್ಪಟೆ ಇರೋದ್ರಿಂದ ಅವು ಉಬ್ಬೋಕೆ ನೋಡ್ತಾವೆ, ಆಕಡೆಯಿಂದ ಈಕಡೆಗೆ ಒಳಗೆ ಸರಳು ಹಾಕಿ ಕಟ್ಟಬೇಕು. ಬುಷ್‌ಗಳಿಗೆ ಹಿತ್ತಾಳೆ ಬೇಡ, ಬಿಸಿನೀರು ಹಿತ್ತಾಳೆಯಿಂದ ಸತುವನ್ನ ತಿಂದು ಅದನ್ನ ಪೊಳ್ಳು ಮಾಡ್ತೈತೆ, ಕಂಚು ಅಥವಾ ಗನ್‌ಮೆಟಲ್ ತಗೋ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡ್ತಿದ್ದ ಊರು ನಿಂದು, ಅಲ್ಲಿ ಕೆಲಸ ಮಾಡಿದ ಹಿರಿಯರು ಇನ್ನೂ ಅದಾರೆ, ಬುಷ್ ಟರ್ನಿಂಗ್ ಅವರ ಹತ್ರ ಕೂತು ಕಲಿ.

ಪ್ರಶ್ನೆ: ಆಸಿಲೇಟಿಂಗ್ (ತೂಗಾಡೋ) ಎಂಜಿನ್ನಲ್ಲಿ ವಾಲ್ವೇ ಇಲ್ಲ ಅಂತ ಬರೆದಿದ್ರಿ. ಹಂಗಾದ್ರೆ ಹಬೆ ಒಳಗೆ ಹೋಗೋದು, ಹೊರಗೆ ಬರೋದು ಹೆಂಗೆ? ಮಕ್ಕಳಿಗೆ ಹೇಳ್ಬೇಕು. (ಶಿಕ್ಷಕರು, ಚಿತ್ರದುರ್ಗ)

ಮೇಷ್ಟ್ರೆ, ಸಿಲಿಂಡರೇ ತೊಟ್ಟಿಲಂಗೆ ತೂಗ್ತೈತೆ. ಸಿಲಿಂಡರ್ ಬೆನ್ನಿಗೆ ಒಂದು ತೂತು, ಅದು ಒರಗಿರೋ ಹಲಗೆಗೆ ಎರಡು ತೂತು, ಒಂದರಲ್ಲಿ ಹಬೆ ಬರ್ತೈತೆ ಇನ್ನೊಂದು ಹೊರಗೆ ಹೋಗೋ ದಾರಿ. ಕ್ರಾಂಕ್ (ಪಿಸ್ಟನ್ ತಳ್ಳಿದ್ದಕ್ಕೆ ಸುತ್ತೋ ಹಿಡಿ) ತಿರುಗಿದಂಗೆ ಸಿಲಿಂಡರ್ ಎಡಕ್ಕೆ ವಾಲಿದಾಗ ಹಬೆ ತೂತಿಗೆ ತೂತು ಕೂಡ್ತೈತೆ, ಪಿಸ್ಟನ್ ತಳ್ಳಿಸಿಕೊಂಡು ಹೋಗ್ತೈತೆ, ಬಲಕ್ಕೆ ವಾಲಿದಾಗ ಹೊರದಾರಿ ತೂತಿಗೆ ಕೂಡಿ ಹಳೇ ಹಬೆ ಆಚೆ ಹೋಗ್ತೈತೆ. ಒಂದೇ ಸಿಲಿಂಡರ್ ಇದ್ರೆ ಕ್ರಾಂಕ್ ತುದಿಲಿ ನಿಂತಾಗ ಅದು ತಾನಾಗೇ ಹೊರಡಲ್ಲ, ಬೆರಳಲ್ಲಿ ತಿರುಗಿಸಿ ಕೊಡ್ಬೇಕು, ಅದಕ್ಕೆ ಬೋಟಿಗೆ ಎರಡು ಸಿಲಿಂಡರ್, ಎರಡೂ ಕಡೆಯಿಂದ ಹಬೆ ತಳ್ಳೋ ಥರದ್ದು, ಕ್ರಾಂಕ್ 90 ಡಿಗ್ರಿ ಬೇರೆ ಇಟ್ಟು ಮಾಡ್ತೀವಿ, ಆಗ ಎಲ್ಲಿ ನಿಂತಿದ್ರೂ ಹೊರಡ್ತೈತೆ, ಹಬೆ ದಾರಿ ಅದಲು ಬದಲು ಮಾಡಿದ್ರೆ ಹಿಂದಕ್ಕೂ ಹೋಗ್ತೈತೆ. ಮಕ್ಕಳಿಗೆ ತೋರಿಸೋಕೆ ಬೆಂಕಿ ಬೇಡ, ಎಂಜಿನ್ ಒಂದನ್ನೇ ಎರಡು ಹನಿ ಎಣ್ಣೆ ಹಾಕಿ ಸೈಕಲ್ ಪಂಪಿಂದ ಓಡಿಸಿ ತೋರಿಸ್ಬೋದು, ಬಾಯ್ಲರ್‌ಗೆ ಗಾಳಿ ಬೇಡ ಅಂದಿದ್ದು ಇದಕ್ಕೆ ಅನ್ವಯಿಸಲ್ಲ.

ಹಬೆಲಿ ಓಡಿಸುವಾಗ ಎಣ್ಣೆ ಮಾತ್ರ ಸ್ಟೀಮ್ ಸಿಲಿಂಡರ್ ಆಯಿಲ್ಲೇ ಆಗ್ಬೇಕು, ಬೈಕ್ ಎಂಜಿನ್ ಆಯಿಲ್ ಒದ್ದೆ ಹಬೆಲಿ ತೊಳೆದು ಹೋಗ್ತೈತೆ. ಅದನ್ನ ಹಾಕೋ ಡಬ್ಬಿ ಮಕ್ಕಳಿಗೆ ಇನ್ನೊಂದು ಒಳ್ಳೆ ಪಾಠ: ಹಬೆ ಅದರೊಳಗೆ ಹೋಗಿ ತಣ್ಣಗಾಗಿ ನೀರಾಗ್ತೈತೆ, ನೀರು ಎಣ್ಣೆ ಕೆಳಗೆ ಇಳಿತೈತೆ, ಇಳಿದಷ್ಟೇ ಎಣ್ಣೆ ಮೇಲೆದ್ದು ಹಬೆ ಪೈಪಿಗೆ ಸೇರ್ತೈತೆ. ಪಂಪ್ ಇಲ್ಲ, ಸ್ಪ್ರಿಂಗ್ ಇಲ್ಲ. ಬಾಯ್ಲರ್‌ಗೆ ದುರ್ಗದ ಬೋರ್‌ವೆಲ್ ನೀರು ಹಾಕ್ಬೇಡ್ರಿ, ಸ್ನಾನದ ಗೀಸರ್‌ನಲ್ಲಿ ಬಿಳಿ ಪದರ ಕಟ್ಟಿದ್ದು ನೋಡಿದೀರಲ್ಲ, ಮಳೆನೀರು ಇಲ್ಲಾ ಡಿಸ್ಟಿಲ್ಡ್ ನೀರು ಹಾಕ್ರಿ.

ಪ್ರಶ್ನೆ: ಗ್ಯಾಸ್ ಒಳ್ಳೇದಾ ಸ್ಪಿರಿಟ್ ಒಳ್ಳೇದಾ? (ಓದುಗರು, ಚಳ್ಳಕೆರೆ)

ಎರಡಕ್ಕೂ ಅದರದ್ದೇ ಅಪಾಯ ಐತೆ. ಸ್ಪಿರಿಟ್ ದೀಪ ಅಗ್ಗ, ಸುಲಭ, ಆದ್ರೆ ಬಿಸಿಲಲ್ಲಿ ಅದರ ಉರಿ ಕಣ್ಣಿಗೆ ಕಾಣಲ್ಲ, ಬೋಟ್ ವಾಲಿದ್ರೆ ಚೆಲ್ಲಿ ಮರಕ್ಕೆ ಹತ್ತುತ್ತೆ. ಬ್ಯೂಟೇನ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ಮೇಲೆ ಹೋಗಲ್ಲ, ಬೋಟಿನ ತಳದಲ್ಲಿ ನೀರು ನಿಂತಂಗೆ ನಿಂತು ಬೆಂಕಿಗೆ ಕಾಯ್ತೈತೆ. ಅದಕ್ಕೆ ಗ್ಯಾಸ್ ತುಂಬೋದು ಯಾವಾಗ್ಲೂ ಟ್ಯಾಂಕ್ ಹೊರಗೆ ತೆಗೆದು, ದಡದಲ್ಲಿ, ಬೆಂಕಿಯಿಂದ ದೂರ, ಡೆಕ್‌ನಲ್ಲಿ ಗಾಳಿ ಆಡೋಕೆ ದೊಡ್ಡ ಬಾಯಿ ಬಿಡ್ಬೇಕು, ಹಚ್ಚೋಕೆ ಮುಂಚೆ ಒಳಗೆ ಗಾಳಿ ಊದ್ಬೇಕು. ಮನೆ ಸಿಲಿಂಡರ್‌ನಿಂದ ತುಂಬಿಸ್ಕೊಳೋದು ತಪ್ಪು, ಅಪಾಯ ಕೂಡ. ಎಷ್ಟು ಬೆಂಕಿ ಬೇಕು ಅಂತ ಕೇಳಿದ್ರಿ: 400 ಮಿ.ಲೀ ನೀರನ್ನ 20 ನಿಮಿಷದಲ್ಲಿ ಹಬೆ ಮಾಡ್ಬೇಕಂದ್ರೆ ನೀರಿಗೇ ಸೇರ್ಬೇಕಾದ್ದು ಸುಮಾರು 750 ವಾಟ್. ನೀರಿಗಿಂತ ಮೊದಲು ಗ್ಯಾಸ್ ಮುಗಿಯೋ ಹಂಗೆ ಟ್ಯಾಂಕ್ ಅಳತೆ ಇಟ್ಕೊಳ್ರಿ, ಬಾಯ್ಲರ್ ಯಾವತ್ತೂ ಒಣಗಲ್ಲ.

ಪ್ರಶ್ನೆ: ಬೋಟ್ ಮುಗಿಸಿ ಮನೆ ತೊಟ್ಟಿಲಿ ಬಿಟ್ರೆ ಮಗುಚಿಕೊಳ್ತು. ಎಲ್ಲಾ ಬಿಚ್ಚಬೇಕಾ? (ಓದುಗರು, ಹೊಳಲ್ಕೆರೆ)

ಬಹುಶಃ ಬೇಡ. ಬಾಯ್ಲರ್ ಎತ್ತರದಲ್ಲಿ ಕೂತಿರ್ಬೇಕು, ಅದನ್ನ ಎಷ್ಟು ಕೆಳಗೆ ಆಗುತ್ತೋ ಅಷ್ಟು ಇಳಿಸ್ರಿ. ಬೋಟ್ ಎಷ್ಟು ಭಾರ ಹೊರ್ಬೋದು ಅಂತ ಲೆಕ್ಕ ಐತೆ, 100 ಸೆಂ.ಮೀ ಉದ್ದ, 25 ಅಗಲ, 8 ಸೆಂ.ಮೀ ಮುಳುಗಿದ್ರೆ, ಮೂತಿ ಬಾಲ ಚೂಪಾಗಿರೋದ್ರಿಂದ ಅರ್ಧ ಹಿಡೀರಿ, 10,000 ಸಿಸಿ, ಅಂದ್ರೆ 10 ಕೆ.ಜಿ. ಬಾಯ್ಲರ್ ಎಂಜಿನ್ ಬಾಡಿ ಎಲ್ಲಾ ತೂಗಿ ನೋಡ್ರಿ, ಉಳಿದದ್ದಕ್ಕೆ ತಳದಲ್ಲಿ ಸೀಸ ಹಾಕ್ರಿ, ಟೈರ್ ಅಂಗಡಿಲಿ ವೀಲ್ ಬ್ಯಾಲೆನ್ಸಿಂಗ್ ಹಳೇ ಸೀಸದ ತುಂಡು ಸಿಗ್ತಾವೆ, ಮುಟ್ಟಿದ ಮೇಲೆ ಕೈ ತೊಳ್ಕೊಳ್ರಿ. ಬಾಯ್ಲರ್ ಬೋಟಿನ ನಡುಮಧ್ಯ ಇರಲಿ, ಇಲ್ಲಾಂದ್ರೆ ನೀರು ಖರ್ಚಾದಂಗೆ ಮೂತಿ ಏರ್ತೈತೆ ಇಲ್ಲಾ ಇಳಿತೈತೆ.

ಪ್ರಶ್ನೆ: ನಮ್ಮೆಜಮಾನ್ರು ಕಟ್ಟಿರೋ ಬೋಟ್ ಚೆನ್ನಾಗಿ ಓಡ್ತದೆ, ಬಣ್ಣ ಹಚ್ಚೋದು, ಅಲಂಕಾರ ನಂದು. ಎಷ್ಟು ಮಾಡಿದ್ರೂ ಆಟಿಕೆ ಥರ ಕಾಣ್ತದೆ, ಯಾಕೆ? (ಓದುಗರು, ಜಗಳೂರು)

ಅಕ್ಕಾರೆ, ಈ ಪ್ರಶ್ನೆ ನನಗೆ ಬಹಳ ಇಷ್ಟ ಆಯ್ತು. ಫೋಟೋ ನೋಡಿದೆ, ಕೆಲಸ ಬಹಳ ಅಚ್ಚುಕಟ್ಟು, ತಪ್ಪಿರೋದು ಅಳತೆ ಒಂದೇ. ಒಂದು ಸ್ಕೇಲ್ ಹಿಡಿದ್ರೆ ಎಲ್ಲವೂ ಅದಕ್ಕೇ ಬರ್ಬೇಕು. 12ಕ್ಕೆ 1 ಅಂತಿಟ್ಕೊಳ್ರಿ, ಐದೂವರೆ ಅಡಿ ಮನುಷ್ಯ ಐದೂವರೆ ಇಂಚು, ಮೂರಡಿ ಕಟಕಟೆ ಮೂರಿಂಚು, 24 ಮಿ.ಮೀ ಹಗ್ಗ 2 ಮಿ.ಮೀ. ನಿಮ್ಮ ಬೋಟಲ್ಲಿ ಕಟಕಟೆ ಆ ಮನುಷ್ಯನ ಕುತ್ತಿಗೆಗೆ ಬರ್ತೈತೆ, ಹಗ್ಗ ಅವನ ತೋಳಿನಷ್ಟು ದಪ್ಪ ಐತೆ, ಕಣ್ಣಿಗೆ ಅದು ಗೊತ್ತಾಗಿಬಿಡ್ತೈತೆ. ಎರಡನೇದು ಹೊಳಪು. ಹೊಳೆಯೋ ಎನಾಮೆಲ್ ಬಣ್ಣ ಸಣ್ಣ ವಸ್ತುನ ಇನ್ನೂ ಸಣ್ಣದು ಮಾಡಿ ತೋರಿಸ್ತೈತೆ, ಮೇಲೊಂದು ಮ್ಯಾಟ್ ವಾರ್ನಿಷ್ ಕೈ ಕೊಡ್ರಿ. ಚಿಮಣಿಗೆ ಬೈಕ್ ಸೈಲೆನ್ಸರ್‌ಗೆ ಹಚ್ಚೋ ಬಿಸಿ ತಡೆಯೋ ಕಪ್ಪು ಬಣ್ಣ, ಬಾಯಿ ಹತ್ರ ಸ್ವಲ್ಪ ಮಸಿ ಕೈಲಿ ಒರೆಸಿ ಬಿಡ್ರಿ.

ಡೆಕ್ಕಿಗೆ ತೇಗದ ವೆನೀರ್‌ನ ಸಣ್ಣ ಪಟ್ಟಿ ಕತ್ತರಿಸಿ, ಎರಡು ಪಟ್ಟಿ ನಡುವೆ ಕಪ್ಪು ಕಾಗದದ ಎಳೆ ನಿಲ್ಲಿಸಿ ಅಂಟಿಸಿದ್ರೆ ಹಲಗೆ ಸಂದಿಗೆ ಡಾಂಬರು ತುಂಬಿದಂಗೇ ಕಾಣ್ತೈತೆ. ರಿವೆಟ್ ತಲೆಗೆ ಸಿರಿಂಜಲ್ಲಿ ಫೆವಿಕಾಲ್ ಚುಕ್ಕಿ ಇಡ್ರಿ, ರಂಗೋಲಿ ಚುಕ್ಕಿ ಇಡೋ ಕೈಗೆ ಅದು ಏನೇನೂ ಕಷ್ಟ ಅಲ್ಲ, ಒಂದೇ ಸಮ ದೂರ ಇರ್ಬೇಕು ಅಷ್ಟೇ. ಬಾಯ್ಲರ್ ಸುತ್ತ ತೇಗದ ಪಟ್ಟಿ ಜೋಡಿಸಿ ಹಿತ್ತಾಳೆ ಬೆಲ್ಟ್ ಬಿಗೀರಿ, ಬಿಸಿನೂ ಉಳಿತೈತೆ. ಹಬೆ ಪೈಪಿಗೆ ದಪ್ಪ ಹತ್ತಿ ದಾರ ಒತ್ತೊತ್ತಾಗಿ ಸುತ್ತಿ ಬಿಳಿ ಬಣ್ಣ ಹಚ್ರಿ, ಹಳೇ ಹಡಗಿನ ಪೈಪ್ ನೋಡೋಕೆ ಹಂಗೇ ಇರ್ತಿತ್ತು, ದಾವಣಗೆರೆ ಹತ್ತಿ ಗಿರಣಿ ಸೀಮೆಯೋರು ನಾವು, ದಾರಕ್ಕೇನು ಕೊರತೆ. ಕಲ್ನಾರು ಹಗ್ಗ ಯಾರಾದ್ರೂ ಕೊಟ್ರೆ ಮುಟ್ಟಬೇಡ್ರಿ, ಶ್ವಾಸಕೋಶಕ್ಕೆ ಕೆಟ್ಟದ್ದು.

ನೋಡಿ ಮಾಡೋಕೆ ನಿಜವಾದ ಬೋಟ್ ಬೇಕು ಅಂದ್ರಿ. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ಹತ್ರ ಮ್ಯೂಸಿಯಂನಲ್ಲಿ ಡಾಲಿ ಅಂತ ಒಂದು ಸ್ಟೀಮ್ ಲಾಂಚ್ ಐತೆ, 1850ರ ಸುಮಾರಿನದ್ದು, 1895ರ ಚಳಿಗಾಲದ ಹಿಮದಲ್ಲಿ ಮುಳುಗಿ 1962ರಲ್ಲಿ ಮೇಲೆತ್ತಿದ್ದು. ಮೇಲೆ ತೆರೆದ ಬೋಟು, ಬಾಯ್ಲರ್ ಎಂಜಿನ್ ಎರಡೂ ಕಣ್ಣಿಗೆ ಕಾಣ್ತಾವೆ, ಮಾಡೆಲ್‌ಗೆ ಅಂಥದ್ದೇ ಚೆಂದ, ಗಾಳಿನೂ ಆಡ್ತೈತೆ. ನಮ್ಮ ದೇಶದ್ದೇ ಬೇಕು ಅಂದ್ರೆ 1823ರಲ್ಲಿ ಕೋಲ್ಕತ್ತದ ಕಿದ್ದರ್‌ಪುರದಲ್ಲಿ ನೀರಿಗಿಳಿದ ಡಯಾನಾ ಇತ್ತು, ಆದ್ರೆ ಅದು ಪಕ್ಕದಲ್ಲಿ ಚಕ್ರ ಇದ್ದ ಹಡಗು, ಮೊದಲನೇ ಕೆಲಸಕ್ಕೆ ಕಷ್ಟ.

ಕೊನೆಗೆ ಓಟ. ಎಷ್ಟೇ ಚೆನ್ನಾಗಿ ಮಾಡಿದ್ರೂ ಮೀನು ಓಡಿದಂಗೆ ಓಡಿದ್ರೆ ಆಟಿಕೆನೇ. 12ಕ್ಕೆ 1 ಸ್ಕೇಲಲ್ಲಿ ವೇಗ ಕಮ್ಮಿ ಆಗ್ಬೇಕಾದ್ದು 12ರ ವರ್ಗಮೂಲದಷ್ಟು, ಅಂದ್ರೆ ಸುಮಾರು ಮೂರೂವರೆ ಪಟ್ಟು. ನಿಜವಾದ ಲಾಂಚ್ ಗಂಟೆಗೆ 15 ಕಿ.ಮೀ ಹೋದ್ರೆ ನಿಮ್ಮದು ನಾಲ್ಕು ಚಿಲ್ಲರೆ, ದಡದಲ್ಲಿ ಅದರ ಜೊತೆ ಆರಾಮಾಗಿ ನಡಕೊಂಡು ಹೋಗ್ಬೋದು, ಆಗ ಮೂತಿ ಹತ್ರ ಏಳೋ ಅಲೆ ಕೂಡ ಸರಿಯಾಗಿ ಕಾಣ್ತೈತೆ.

ಪ್ರಶ್ನೆ: ವಾಣಿವಿಲಾಸ ಸಾಗರದಲ್ಲಿ ಬಿಡಬೋದಾ? (ಓದುಗರು, ಹಿರಿಯೂರು)

ಅಷ್ಟು ದೊಡ್ಡ ನೀರಲ್ಲಿ ಗಾಳಿಗೆ ಅಲೆ ಏಳ್ತಾವೆ, ನಡುವೆ ನಿಂತ್ರೆ ತರೋರು ಯಾರು, ಬೇಡ್ರಿ. ನಮ್ಮ ದಾವಣಗೆರೆ ಕುಂದವಾಡ ಕೆರೆಯಲ್ಲೂ ನಾನು ಬಿಡಲ್ಲ, ಅದು ಊರು ಕುಡಿಯೋ ನೀರು, ಎಂಜಿನ್ನಿಂದ ಹೊರಬರೋ ಹಬೆ ಜೊತೆ ಎಣ್ಣೆ ಇರ್ತೈತೆ. ಎಲ್ಲೇ ಬಿಟ್ರೂ ಆ ಹಬೆನ ಒಂದು ಸಣ್ಣ ಡಬ್ಬಿ ಒಳಗೆ ಹಾಯಿಸಿ ಎಣ್ಣೆ ನೀರು ಅಲ್ಲೇ ನಿಲ್ಲೋ ಹಂಗೆ ಮಾಡಿ ಆಮೇಲೆ ಚಿಮಣಿಗೆ ಬಿಡ್ರಿ. ನಾನು ಓಡಿಸೋದು ನೆಂಟರ ತೋಟದ ಕೃಷಿ ಹೊಂಡದಲ್ಲಿ, ಗಾಳಿ ಇಲ್ಲದ ಬೆಳಗಿನ ಹೊತ್ತು. ಆದ್ರೆ ಪ್ಲಾಸ್ಟಿಕ್ ಹಾಸಿದ ಹೊಂಡದ ದಡ ಬಹಳ ಜಾರ್ತೈತೆ, ಬಿದ್ದೋರು ಮೇಲೆ ಹತ್ತೋಕೆ ಆಗಲ್ಲ, ಮಕ್ಕಳನ್ನ ಬೇಲಿ ಆಚೆ ನಿಲ್ಲಿಸ್ರಿ, ಒಂದು ಹಗ್ಗ ಗೂಟಕ್ಕೆ ಕಟ್ಟಿ ನೀರಿಗೆ ಬಿಟ್ಟಿರ್ರಿ, ಒಬ್ಬರೇ ಹೋಗ್ಬೇಡ್ರಿ.

ಪ್ರಶ್ನೆ: ಮಗನಿಗೆ 9 ವರ್ಷ, ನಿಮ್ಮ ಫೋಟೋ ನೋಡಿ ಹಠ ಹಿಡಿದಿದಾನೆ. ಅವನಿಗೆ ಏನು ಕೊಡಿಸ್ಲಿ? (ತಾಯಿ, ಚನ್ನಗಿರಿ)

ಜಾತ್ರೆಲಿ ಮಾರ್ತಾರಲ್ಲ ತಗಡಿನ ಪಟಪಟ ದೋಣಿ, ಅದನ್ನ ಕೊಡಿಸ್ರಿ ತಾಯಿ. ಅದೂ ಉಗಿ ದೋಣಿನೇ, ಪಿಸ್ಟನ್ ಇಲ್ಲ ಅಷ್ಟೇ, ಮುಚ್ಚಿಕೊಳ್ಳೋ ವಾಲ್ವ್ ಇಲ್ಲ, ಹಿಂದಿನ ಕೊಳವೆಗಳು ಯಾವಾಗ್ಲೂ ತೆರೆದೇ ಇರೋದ್ರಿಂದ ಒಳಗೆ ಪ್ರೆಶರ್ ಸೇರಲ್ಲ. ಕೊಳವೆಲಿ ನೀರು ತುಂಬಿ ದೀಪ ಹಚ್ಚಿದ್ರೆ ಹಬೆ ನೀರನ್ನ ಹಿಂದಕ್ಕೆ ಚಿಮ್ಮಿಸ್ತೈತೆ, ಹಬೆ ತಣ್ಣಗಾಗಿ ಮತ್ತೆ ನೀರನ್ನ ಎಳ್ಕೊಳ್ತೈತೆ. ಚಿಮ್ಮೋದು ನೇರ ಹಿಂದಕ್ಕೆ, ಎಳ್ಕೊಳೋದು ಸುತ್ತಲಿಂದ, ಅದಕ್ಕೆ ದೋಣಿ ಮುಂದಕ್ಕೇ ಹೋಗೋದು. ಯಾಕೆ ಹಿಂದೆ ಮುಂದೆ ಆಡದೆ ಮುಂದೆನೇ ಹೋಗುತ್ತೆ ಅಂತ ಅವನನ್ನೇ ಮೊದಲು ಕೇಳ್ರಿ, ಎರಡು ದಿನ ಯೋಚನೆ ಮಾಡಲಿ. ಹತ್ತಿ ಬತ್ತಿಗೆ ಅಡುಗೆ ಎಣ್ಣೆ ಸಾಕು, ಅಗಲ ಬೋಗುಣಿಲಿ ನೀರು ಹಾಕ್ರಿ, ದೀಪ ನೀವೇ ಹಚ್ಚಿ ಕೊಡ್ರಿ, ತಗಡು ಬಿಸಿ ಇರ್ತೈತೆ, ಆರೋವರೆಗೂ ಎತ್ತೋಕೆ ಬಿಡ್ಬೇಡ್ರಿ. ಹೊರಡ್ಲಿಲ್ಲ ಅಂದ್ರೆ ಕೊಳವೆಲಿ ಗಾಳಿ ಉಳಿದಿರ್ತೈತೆ, ಒಂದು ಕೊಳವೆಗೆ ಸಿರಿಂಜಲ್ಲಿ ನೀರು ಬಿಟ್ಟು ಇನ್ನೊಂದರಿಂದ ನೀರು ಹೊರಬರೋವರೆಗೂ ತುಂಬಿಸಿ ಮತ್ತೆ ನೀರಿಗೆ ಬಿಡ್ರಿ.